ಪರದೇಶಿಯಾಗಲು ಎರಡು ದಿನ ಕಡಿಮೆ

ಮಾದೇವಿ ೧೯೮೬ನೆಯ ಇಸವಿಯಲ್ಲಿ ಅಮೆರಿಕದ ನಿವಾಸಿಯಾಗಿದ್ದಳೇ ಅಲ್ಲವೇ ಎಂಬುದನ್ನು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ವರ್ಷ ಡಿಸೆಂಬರ್ ಎಂಟರ ಸೋಮವಾರ ಅವಳು ಅಬಲೂರಿನಿಂದ ಮೊದಲ ಬಸ್ಸಿಗೆ ಹಿರೇಕೆರೂರಿಗೆ ಬಂದಳು. ನನ್ನ ಮನೆಯ ಪಡಸಾಲೆಯಲ್ಲಿ ಅಮೆರಿಕದ ತೆರಿಗೆ ನಿಯಮಗಳ ಒಂದು ತೆಳುವಾದ ಪುಸ್ತಕ, ಪಾಸ್‌ಪೋರ್ಟು ಮತ್ತು ಎರಡು ಕಾಗದಗಳನ್ನು ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟಳು. ಹೈಸ್ಕೂಲಿನಲ್ಲಿದ್ದಾಗ ತಿದ್ದಲು ನೋಟುಬುಕ್ಕನ್ನು ಇಡುತ್ತಿದ್ದದ್ದೂ ಹೀಗೆಯೇ.

"ಸರ್, ಇದೊಂದು ಲೆಕ್ಕ ಬಿಡಿಸಿಕೊಡ್ರಿ. ಅಲ್ಲಿ ಮೂರು ಮಂದೀನ ಕೇಳಿದೆ. ಮೂರು ಉತ್ತರ ಬಂದುವು."

"ಹಂಗಾದ್ರ ಎರಡರೆ ತಪ್ಪು. ಮೂರೂ ತಪ್ಪಿರಬಹುದು. ಕುಂದ್ರು," ಎಂದೆ.

ನಾನು ಮೂವತ್ತೊಂದು ವರ್ಷ ಅಂಕಗಣಿತ ಕಲಿಸಿದವನು. ಆ ಅವಧಿಯಲ್ಲಿ ನೂರಕ್ಕೆ ನೂರು ಕೊಟ್ಟದ್ದು ಇಬ್ಬರಿಗೆ. ಮಾದೇವಿ ಅವರಲ್ಲಿ ಒಬ್ಬಳಲ್ಲ. ಅವಳಿಗೆ ತೊಂಬತ್ತೊಂಬತ್ತು ಕೊಟ್ಟಿದ್ದೆ. ಉತ್ತರದ ಮುಂದೆ "ಸೇರು" ಎಂದು ಬರೆಯುವುದನ್ನು ಬಿಟ್ಟಿದ್ದಳು. ಎಂಟನೆಯ ಇಯತ್ತೆಯಲ್ಲಿದ್ದಾಗ ಅವಳ ತಂದೆ ಭರಮಪ್ಪ ತೀರಿಕೊಂಡ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಭರಮಪ್ಪನ ಅಕ್ಕ ಅಡಿವೆವ್ವ ಅವಳನ್ನು ಸಾಕಿ, ಧಾರವಾಡಕ್ಕೆ ಕಳುಹಿಸಿ, ಕೃಷಿ ಓದಿಸಿದಳು. ೧೯೮೨ರ ಆಗಸ್ಟಿನಲ್ಲಿ ಹುಡುಗಿ ಜೋಳಕ್ಕೆ ಬೀಳುವ ಕಾಡಿಗೆ ರೋಗದ ಬಗ್ಗೆ ಓದಲು ಅಮೆರಿಕಕ್ಕೆ ಹೋದಳು. ಓದು ಮುಗಿದ ಮೇಲೆ ಅದೇ ವಿಶ್ವವಿದ್ಯಾಲಯ ಅವಳನ್ನು ಜೋಳದ ಸಂಶೋಧನೆಗೆ ಇಟ್ಟುಕೊಂಡಿತು. ೧೯೮೬ರ ಜೂನ್ ಒಂಬತ್ತರಂದು ಅಲ್ಲಿಯ ಸರ್ಕಾರ ಅವಳ ವಿದ್ಯಾರ್ಥಿ ಪರವಾನಿಗೆಯನ್ನು ಕೆಲಸದ ಪರವಾನಿಗೆಯಾಗಿ ಬದಲಿಸಿತು. ನಾಲ್ಕು ವರ್ಷಗಳ ಮೇಲೆ ಮೊದಲ ಸಲ ಊರಿಗೆ ಬಂದದ್ದು ಈಗ.

ಪುಸ್ತಕವನ್ನು ಎರಡು ಸಲ ಓದಿದೆ. ಬರವಣಿಗೆ ಕೆಟ್ಟದ್ದು, ಲೆಕ್ಕ ಒಳ್ಳೆಯದು. ಒಬ್ಬ ಪರದೇಶದವನು ನಿವಾಸಿಯೋ ಅಲ್ಲವೋ ಎಂಬುದನ್ನು ಅಲ್ಲಿಯ ತೆರಿಗೆ ಕಾಯಿದೆ ದಿನಗಳಿಂದ ಅಳೆಯುತ್ತದೆ. ಈ ವರ್ಷ ಅಲ್ಲಿದ್ದ ದಿನಗಳು ಪೂರ್ತಿ, ಹೋದ ವರ್ಷದವು ಮೂರರಲ್ಲೊಂದು ಪಾಲು, ಅದರ ಹಿಂದಿನ ವರ್ಷದವು ಆರರಲ್ಲೊಂದು ಪಾಲು. ಕೂಡಿಸಿದಾಗ ನೂರ ಎಂಬತ್ತಮೂರು ಮುಟ್ಟಿದರೆ ಅವನು ನಿವಾಸಿ. ಮುಟ್ಟದಿದ್ದರೆ ಅಲ್ಲ. ಇದರಲ್ಲಿ ಒಂದು ವಿನಾಯಿತಿ ಉಂಟು: ವಿದ್ಯಾರ್ಥಿಯಾಗಿ ಕಳೆದ ದಿನಗಳನ್ನು ಐದು ವರ್ಷದ ತನಕ ಎಣಿಸುವುದಿಲ್ಲ. ನನ್ನ ವಹಿಯಲ್ಲಿ ಎರಡು ಅಂಕಣ ಎಳೆದು ಒಂದರ ಮೇಲೆ "ನಿವಾಸಿ" ಎಂದೂ ಇನ್ನೊಂದರ ಮೇಲೆ "ಪರದೇಶಿ" ಎಂದೂ ಬರೆದುಕೊಂಡೆ.

"ನಿನಗ ಯಾವುದು ಬೇಕು?" ಎಂದು ಕೇಳಿದೆ.

"ಪರದೇಶಿ, ಸರ್."

"ಬೇಕಾದದ್ದು ಮೊದಲು ಹೇಳಿದಿ. ಲೆಕ್ಕಕ್ಕ ಅದು ಗೊತ್ತಿರಬಾರದಾಗಿತ್ತು."

"ನೀವ ಕೇಳಿದ್ರಿ!"

ಕೇಳಿದ್ದು ನಿಜವೇ. ಕಾರಣವನ್ನು ಅವಳು ತಾನಾಗಿ ಹೇಳಿದಳು. ಪರದೇಶಿಯಾದರೆ ಅಮೆರಿಕದಲ್ಲಿ ದುಡಿದದ್ದನ್ನು ಮಾತ್ರ ಬರೆದು ಕೊಟ್ಟರೆ ಸಾಕು. ನಿವಾಸಿಯಾದರೆ ಜಗತ್ತಿನ ಯಾವ ಮೂಲೆಯಲ್ಲಿ ಏನು ಹುಟ್ಟಿದರೂ ಬರೆದು, ಬರೆದದ್ದು ಸತ್ಯವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು.

"ನಿನಗ ಇಲ್ಲಿ ಏನು ಹುಟ್ಟುತೈತಿ?"

"ಹೊಲ ಐತಲ್ರಿ." ಅವಳ ದನಿ ತಗ್ಗಿತು. "ಅತ್ತೀಗೆ ಹೊಲದ ಲೆಕ್ಕ ಕೇಳೂದು ನನ್ನಿಂದ ಆಗೂದಿಲ್ಲ, ಸರ್. ಬ್ಯಾರೆ ಏನರೆ ಮಾಡ್ತೇನಿ. ಅದೊಂದ ಆಗೂದಿಲ್ಲ."

ಇದಕ್ಕೆ ಹೆಚ್ಚಿನ ವಿವರಣೆ ನನಗೆ ಬೇಕಾಗಿರಲಿಲ್ಲ. ಅಬಲೂರಿನ ನಾಲ್ಕು ಎಕರೆ ಎರೆಹೊಲ ಭರಮಪ್ಪನ ನಂತರ ಮಗಳ ಹೆಸರಿಗೆ ಬಂದಿತ್ತು. ಉತ್ತಿ ಬಿತ್ತಿ ಬೆಳೆಯುವವಳು ಅಡಿವೆವ್ವ. ಬಂದದ್ದೆಷ್ಟು, ಮಾರಿದ್ದೆಷ್ಟು, ಉಳಿದದ್ದೆಷ್ಟು ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಕೇಳದಿರುವುದಕ್ಕೆ ಕಾರಣವೂ ಇತ್ತು. ವಯಸ್ಸಿನಲ್ಲಿ ಅವಳು ಸವಣೂರು ತಾಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಹೋಗಿದ್ದಳು. ಗಂಡ ಸತ್ತ ವರ್ಷ, ಸುಗ್ಗಿಯಾದ ಮೇಲೆ, ಮಾವ ಹತ್ತು ಜನರ ಎದುರಿಗೆ ಅವಳನ್ನು ನಿಲ್ಲಿಸಿ ಮನೆಯ ಜೋಳದ ಲೆಕ್ಕ ಕೇಳಿದ. ಮರುದಿನ ಅವಳು ಯಲವಿಗಿಯಲ್ಲಿ ರೈಲು ಹತ್ತಿ ತವರಿಗೆ ಬಂದಳು. ಗಂಟಿನಲ್ಲಿ ಎರಡು ಸೀರೆ ಇದ್ದವು. ಆಮೇಲೆ ಆ ಮನೆಗೆ ತಿರುಗಿ ಹೋಗಲಿಲ್ಲ. ಭರಮಪ್ಪ ಬದುಕಿರುವ ತನಕ ಅಕ್ಕನ ಮುಂದೆ "ಲೆಕ್ಕ" ಎಂಬ ಮಾತನ್ನೇ ಆಡುತ್ತಿರಲಿಲ್ಲ. ಮಾದೇವಿ ಶಾಲೆಯ ಅಂಕಗಣಿತಕ್ಕೂ ಮನೆಯಲ್ಲಿ "ಮಾಸ್ತರ ಅಭ್ಯಾಸ" ಎಂದೇ ಹೇಳುತ್ತಿದ್ದಳು.

ಎಣಿಸಲು ಕುಳಿತೆವು. ಮೊದಲು ಐದು ವರ್ಷದ ವಿಚಾರ. ಎಂಬತ್ತೆರಡರ ಆಗಸ್ಟಿನಿಂದ ಎಂಬತ್ತಾರರ ಜೂನಿನ ತನಕ ನಾಲ್ಕು ವರ್ಷವೂ ಪೂರ್ತಿಯಾಗುವುದಿಲ್ಲ. ಆದರೆ ಕಾಯಿದೆ ಒಂದು ದಿನ ತಾಗಿದ ವರ್ಷವನ್ನೂ ವರ್ಷವೆಂದೇ ಹಿಡಿಯುತ್ತದೆ. ಹಾಗೆ ಹಿಡಿದರೂ ಎಂಬತ್ತಾರು ಐದನೆಯದು, ವಿನಾಯಿತಿಯೊಳಗೇ ಇತ್ತು. ಆದ್ದರಿಂದ ಹಿಂದಿನ ಎರಡು ವರ್ಷಗಳ ಪಾಲು ಸೊನ್ನೆಯ ಮೂರರಲ್ಲೊಂದು, ಸೊನ್ನೆಯ ಆರರಲ್ಲೊಂದು. ಎಣಿಸಬೇಕಾದದ್ದು ಜೂನ್ ಒಂಬತ್ತರಿಂದ ಈಚೆಗೆ.

"ಜೂನ್ ತಿಂಗಳದಾಗ ಎಷ್ಟು?" ಎಂದು ಕೇಳಿದೆ.

"ಮೂವತ್ತರಾಗ ಒಂಬತ್ತು ಹೋದ್ರ ಇಪ್ಪತ್ತೊಂದು."

"ಒಂಬತ್ತನೇ ತಾರೀಖು ಎಲ್ಲಿ ಹೋತು? ಅವತ್ತ ನೀ ಅಲ್ಲಿ ಇದ್ದಿಲ್ಲೇನು?"

ಅವಳು ನಾಲಿಗೆ ಕಚ್ಚಿಕೊಂಡು "ಇಪ್ಪತ್ತೆರಡು" ಎಂದಳು. ಡಾಕ್ಟರೇಟು ಪಡೆದವಳು ತಪ್ಪುವುದು ಇಂಥಲ್ಲಿಯೇ. ಜುಲೈಯಿಂದ ಡಿಸೆಂಬರ್ ಕೊನೆಯ ತನಕ ನೂರ ಎಂಬತ್ತನಾಲ್ಕು. ಎರಡೂ ಕೂಡಿ ಇನ್ನೂರ ಆರು. ಇದರಲ್ಲಿ ಹೊರಗಿದ್ದ ದಿನಗಳನ್ನು ಕಳೆಯಬೇಕು.

ಊರಿಗೆ ಬರಲು ಅವಳು ಅಮೆರಿಕ ಬಿಟ್ಟದ್ದು ಡಿಸೆಂಬರ್ ಮೂರರಂದು; ಟಿಕೀಟಿನ ಪ್ರಕಾರ ತಿರುಗಿ ಮುಟ್ಟುವುದು ಇಪ್ಪತ್ತರಂದು. ಬಿಟ್ಟ ದಿನ ಮತ್ತು ಮುಟ್ಟಿದ ದಿನ ಎರಡನ್ನೂ ಅಲ್ಲಿ ಇದ್ದ ದಿನಗಳೆಂದೇ ಎಣಿಸಬೇಕೆಂದು ಪುಸ್ತಕ ಸ್ಪಷ್ಟವಾಗಿ ಹೇಳಿತ್ತು. ಆದ್ದರಿಂದ ನಾಲ್ಕರಿಂದ ಹತ್ತೊಂಬತ್ತರ ತನಕ, ಹದಿನಾರು. ಈ ವಾಕ್ಯಕ್ಕೆ ನಾನು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ.

"ಮತ್ತೆ ಎಲ್ಲೆರೆ ಹೋಗಿದ್ದೇನು?"

"ಸೆಪ್ಟೆಂಬರದಾಗ ಎಂಟ ದಿನ ಮೆಕ್ಸಿಕೋಕ್ಕ ಹೋಗಿದ್ದೆ. ಜ್ವಾಳದ ಮಡಿ ನೋಡಾಕ."

ಹದಿನಾರು ಮತ್ತು ಎಂಟು ಕೂಡಿ ಇಪ್ಪತ್ತನಾಲ್ಕು. ಇನ್ನೂರ ಆರರಲ್ಲಿ ಅದನ್ನು ಕಳೆದೆ. ನೂರ ಎಂಬತ್ತೆರಡು ಉಳಿಯಿತು.

ಮಾದೇವಿ ವಹಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. "ಒಂದ ದಿನದಾಗ ಉಳದೆ," ಎಂದು ಹೇಳಿ ನಕ್ಕಳು. ಹೋಗುವಾಗ ನನ್ನ ಪಾದ ಮುಟ್ಟಲು ಬಂದಳು. ನನಗೆ ಅದು ಸೇರುವುದಿಲ್ಲವೆಂದು ನೆನಪಾಗಿ ಅರ್ಧಕ್ಕೆ ನಿಂತು, ಬಾಗಿಲಿನ ಹೊಸ್ತಿಲನ್ನು ಮುಟ್ಟಿ ಹೋದಳು. ಬಸ್ಸು ಹೋದ ಮೇಲೆ ನಾನು ಮತ್ತೊಮ್ಮೆ ಕೂಡಿಸಿ ಕಳೆದು ನೋಡಿದೆ. ಸರಿಯಾಗಿಯೇ ಇತ್ತು. ಕೂಡಿಸುವುದರಲ್ಲಿ, ಕಳೆಯುವುದರಲ್ಲಿ ತಪ್ಪು ಇರಲಿಲ್ಲ.

ಆ ಶನಿವಾರ ಅಡಿವೆವ್ವ ನನ್ನನ್ನು ಊಟಕ್ಕೆ ಕರೆಸಿದಳು. ಅರವತ್ತು ದಾಟಿದ ಹೆಂಗಸು, ತೆಳುವಾದ ಮೈ, ನಿಂತಲ್ಲಿ ನಿಲ್ಲದ ಕೈ. ರೊಟ್ಟಿ ಬಡಿಯುತ್ತಲೇ ಮಾತು, ಮಾತಾಡುತ್ತಲೇ ಮಾದೇವಿಯ ತಾಟಿನ ಮೇಲೆ ಕಣ್ಣು.

"ನೋಡ್ರಿ ಮಾಸ್ತರ, ಅಕಿ ಊಟಾ ನೋಡ್ರಿ. ಗುಬ್ಬಿನೂ ಇದಕ್ಕಿಂತ ಹೆಚ್ಚ ತಿಂತೈತಿ. ಅಲ್ಲೆ ಏನ ತಿಂತಿದ್ದಳೋ. ಎಳ್ಳಮಾಸಿ ತನಕರೆ ಇರು, ಹೊಲಕ್ಕ ಚರಗಾ ಚೆಲ್ಲಿ ಹೋಗು ಅಂದ್ರ, ಆಗೂದಿಲ್ಲಂತ. ಅಲ್ಲೆ ಗಾಜಿನ ಮನ್ಯಾಗ ಸಸಿ ಹಚ್ಚೂದೈತಂತ. ಇಲ್ಲೆ ನಾಕ ಎಕರೆ ಬಿಟ್ಟು ಗಾಜಿನ ಮನ್ಯಾಗ ಜ್ವಾಳಾ ಬೆಳಿಯೂದು, ಅದಕ್ಕ ಸರ್ಕಾರ ಪಗಾರ ಕೊಡೂದು!"

"ಅತ್ತಿ, ಸಾಕ ಬಿಡ," ಎಂದಳು ಮಾದೇವಿ.

"ಯಾಕ ಬಿಡ್ಲಿ? ಹ್ವಾದ ಶನಿವಾರ ಬಂದಿ, ಇವತ್ತ ಶನಿವಾರ. ಎಂಟ ದಿನಾ ಆತು, ಮೈಯಾಗ ಒಂದ ಗುಂಜಿ ತೂಕ ಏರಿಲ್ಲ."

ಮೂವತ್ತೊಂದು ವರ್ಷದ ಅಭ್ಯಾಸ. "ಏಳು ದಿನ," ಎಂದು ತಿದ್ದಲು ಬಾಯಿ ತೆರೆದೆ. ನಮ್ಮಲ್ಲಿ ಶನಿವಾರದಿಂದ ಶನಿವಾರಕ್ಕೆ ಎಂಟು ದಿನ. ಸಂತೆಯಿಂದ ಸಂತೆಗೆ ಎಂಟು ದಿನ. ಒಂದು ವಾರವೆನ್ನಲು ಯಾರೂ "ಏಳು ದಿನ" ಎನ್ನುವುದಿಲ್ಲ, ನಾನೂ ಎನ್ನುವುದಿಲ್ಲ. ಎದುರಿಗೆ ಕುಳಿತು ರೊಟ್ಟಿ ಮುರಿಯುತ್ತಿದ್ದ ಹುಡುಗಿಯೂ ಈ ಊರಿನವಳೇ.

"ಮಾದೇವಿ, ಪಾಸ್‌ಪೋರ್ಟು ತಾ," ಎಂದೆ.

"ಉಣ್ಣೂದ ಬಿಟ್ಟೇನ್ರಿ?" ಎಂದಳು ಅಡಿವೆವ್ವ.

ನಾನು ಕೈ ತೊಳೆದು ಪಾಸ್‌ಪೋರ್ಟನ್ನು ಅಂಗಳದ ಬೆಳಕಿಗೆ ಒಯ್ದೆ. ಮೆಕ್ಸಿಕೋದವರು ಒಳಗೆ ಬಿಟ್ಟ ಮುದ್ರೆ ಸೆಪ್ಟೆಂಬರ್ ಹದಿನೈದರದು. ಹೊರಗೆ ಕಳುಹಿಸಿದ್ದು ಇಪ್ಪತ್ತೆರಡರದು. ಸೋಮವಾರದಿಂದ ಸೋಮವಾರ. ಮಾತಿನಲ್ಲಿ ಎಂಟು, ಲೆಕ್ಕದಲ್ಲಿ ಏಳು. ಹೋದ ದಿನ ಮತ್ತು ಬಂದ ದಿನ ಎರಡೂ ಅಮೆರಿಕಕ್ಕೆ ಸೇರುವುದರಿಂದ ಕಾಯಿದೆಯಲ್ಲಿ ಆರು. ನಾನು ಕೆಂಪು ಗೆರೆ ಎಳೆದ ವಾಕ್ಯವನ್ನು ಒಂದು ಪ್ರಯಾಣಕ್ಕೆ ಹಚ್ಚಿ ಇನ್ನೊಂದಕ್ಕೆ ಹಚ್ಚಿರಲಿಲ್ಲ. ತಾರೀಖನ್ನು ಕೇಳದೆ ಮಾತನ್ನು ಅಂಕಿಯೆಂದು ಒಪ್ಪಿಕೊಂಡಿದ್ದೆ. ಯಾವ ಹುಡುಗ ಹೀಗೆ ಮಾಡಿದ್ದರೂ ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮಾದೇವಿ ಹಿಂದೆಯೇ ಬಂದು ನಿಂತಿದ್ದಳು. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು.

"ಎಷ್ಟ್ರಿ?"

"ನೂರ ಎಂಬತ್ತನಾಲ್ಕು."

ಅವಳು ಅಡುಗೆಮನೆಯ ಕಡೆ ನೋಡಿದಳು. ಅಡಿವೆವ್ವ ಒಲೆಯ ಮುಂದೆ ಬೆಂಕಿ ಊದುತ್ತಿದ್ದಳು.

"ಎರಡು ದಿನ ತಡಮಾಡಿ ಹೋದರ ನೂರ ಎಂಬತ್ತೆರಡಕ್ಕ ಬರತೈತಿ. ಇಪ್ಪತ್ತರ ಬದಲಿ ಇಪ್ಪತ್ತೆರಡಕ್ಕ ಮುಟ್ಟಬೇಕು. ಮುಂಬಯಿಗೆ ಫೋನ್ ಮಾಡೋಣು," ಎಂದೆ. "ಇಪ್ಪತ್ತೆರಡು ನಡೀತೈತೇನು?"

"ಇಪ್ಪತ್ತೆರಡು ಸೋಮವಾರ. ಹೆಂಗರೆ ಮಾಡಿ ನಡಸ್ತೇನಿ. ಅದಕ್ಕಿಂತ ಆಚೆ ಆಗೂದಿಲ್ಲ. ಸಸಿ ಸಾಯ್ತಾವು."

ಭಾನುವಾರ ಟಿಕೀಟಿನವರ ಕಚೇರಿ ಮುಚ್ಚಿರುತ್ತಿತ್ತು. ಸೋಮವಾರ ಹತ್ತು ಗಂಟೆಗೆ ಹಿರೇಕೆರೂರಿನ ಉಡಚಪ್ಪನ ಅಡತಿ ಅಂಗಡಿಯಲ್ಲಿ ಸೇರಿದೆವು. ಉಡಚಪ್ಪ ಹತ್ತಿ ಮಾರಿಸಿಕೊಡುವವನು, ನನ್ನ ಹಳೆಯ ವಿದ್ಯಾರ್ಥಿ. ಅವನಲ್ಲಿ ಫೋನಿತ್ತು. ಮುಂಬಯಿಗೆ ಅರ್ಜೆಂಟ್ ಕಾಲ್ ಬರೆಸಿ ಹತ್ತಿಯ ಅಂಡಿಗೆಗಳ ಮೇಲೆ ಕುಳಿತೆವು. ಕಾಯುವಾಗ ಅವನಿಗೆ ಸಂಗತಿ ಹೇಳಬೇಕಾಯಿತು.

"ಇಷ್ಟ ಏನ್ರಿ ಸರ್?" ಎಂದ ಉಡಚಪ್ಪ. "ಅಮೇರಿಕಾ ಸರ್ಕಾರಕ್ಕ ಎರಡ ದಿನಾ ಹೆಚ್ಚುಕಡಿಮಿ ಆದ್ರ ಗಂಟ ಏನ್ ಹೊಕ್ಕೈತಿ? ಎಂಟಂತ ಬರದ ಬಿಡ್ರಿ. ಇಡೀ ತಾಲೂಕ ಎಂಟಂತೈತಿ. ಸಾಕ್ಷಿ ಬೇಕಂದ್ರ ನಾ ಬರ್ತೇನಿ."

"ಏಳನೇ ಇಯತ್ತೇಕ ನೀ ಎಷ್ಟ ಸಲ ಕುಂತಿದ್ದಿ?"

"ಮೂರ ಸಲರಿ."

"ಸಾಕ್ಷಿ ಬ್ಯಾಡ."

ಮಾದೇವಿ ನಗಲಿಲ್ಲ. ಒಂದೂವರೆ ಗಂಟೆಯ ಮೇಲೆ ಕರೆ ಸಿಕ್ಕಿತು. ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು. ನಾನು ಅವಳ ಬೆರಳುಗಳನ್ನು ನೋಡುತ್ತಿದ್ದೆ. ಫೋನಿನ ದಾರವನ್ನು ಸುತ್ತುತ್ತಿದ್ದ ಬೆರಳು ನಿಂತಿತು. ಕ್ರಿಸ್‌ಮಸ್ ಹಬ್ಬದ ಗದ್ದಲ. ಇಪ್ಪತ್ತೆರಡಕ್ಕೆ ಮುಟ್ಟುವ ವಿಮಾನದಲ್ಲಿ ಹೋದ ಸೋಮವಾರ ಆರು ಜಾಗ ಇದ್ದವಂತೆ. ಗುರುವಾರಕ್ಕೆ ಎಲ್ಲ ತುಂಬಿದವು. ಇನ್ನು ಜನವರಿ ನಾಲ್ಕರ ತನಕ ಒಂದೂ ಇಲ್ಲ.

ಹೋದ ಸೋಮವಾರ ನನ್ನ ಪಡಸಾಲೆಯಲ್ಲಿ ಅವಳು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಇಟ್ಟಿದ್ದಳು. ನಾನು ಅದನ್ನು ತೆರೆದಿರಲಿಲ್ಲ.

ಉಡಚಪ್ಪ ಕರೆಯ ಹಣ ಬೇಡವೆಂದ. ಕೊಟ್ಟೆ. ಹೊರಗೆ ಬಂದು ಬಸ್ಸಿನ ಕಟ್ಟೆಯ ಮೇಲೆ ನಿಂತಾಗ ಮಾದೇವಿ ಮೆಲ್ಲಗೆ ಹೇಳಿದಳು, "ಹೊಲಾನ ಅತ್ತಿ ಹೆಸರಿಗೆ ಮಾಡಿಬಿಡ್ಲೇನ್ರಿ ಸರ್? ನಾಳೆ ಒಂದ ದಿನದಾಗ?"

"ಮುಂದಿನ ವರ್ಷಕ್ಕ ಅದು ಉತ್ತರ. ಈ ವರ್ಷದ ಬೆಳೆ ನಿನ್ನ ಹೊಲದಾಗ ಆಗೇತಿ."

"ಸೊನ್ನೆ ಅಂತ ಬರೀಲೇನು? ನನ್ನ ಕೈಗೆ ಏನೂ ಬಂದಿಲ್ಲ."

"ಬಂದಿಲ್ಲ ಅಂತ ಹೇಳಾಕೂ ಎಷ್ಟ ಬೆಳದೈತಿ ಅಂತ ಗೊತ್ತಿರಬೇಕು. ಗೊತ್ತಿಲ್ಲದ್ದಕ್ಕ ಸೊನ್ನೆ ಅನ್ನೂದಿಲ್ಲ." ಅವಳ ಕಣ್ಣು ತುಂಬಿದ್ದನ್ನು ಕಂಡು ಮುಂದಿನ ಮಾತನ್ನು ಕೂಡಲೇ ಹೇಳಿದೆ. "ತಪ್ಪು ನನ್ನದು. ಕೇಳುವವನೂ ನಾನ. ನೀ ಬಾಯಿ ತೆರೀಬ್ಯಾಡ."

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಅಬಲೂರಿಗೆ ಹೋದೆವು. ದಾರಿಯಲ್ಲಿ ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ಮೂರು ನಮೂನೆಯಲ್ಲಿ ಕಟ್ಟಿ ನೋಡಿದೆ. ಯಾವುದೂ ಚೆನ್ನಾಗಿರಲಿಲ್ಲ. ಅಡಿವೆವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು.

"ಬರ್ರಿ ಮಾಸ್ತರ. ಸಿಕ್ಕಾತೇನು? ಎರಡ ದಿನಾ ಹೆಚ್ಚಿಗಿ ಇರ್ತಾಳೇನು?" ಶನಿವಾರದಿಂದ ಅವಳಿಗೆ ಅಷ್ಟು ಮಾತ್ರ ಗೊತ್ತಿತ್ತು, ಮತ್ತು ಅದೇ ಸಂತೋಷದಲ್ಲಿದ್ದಳು.

"ಇಲ್ಲ, ಜಾಗ ಸಿಗಲಿಲ್ಲ. ನಾಡದು ಬುಧವಾರನ ಹೋಗಬೇಕು."

ಅವಳ ಕೈ ಮೆಣಸಿನಕಾಯಿಯ ಮೇಲೆ ಒಂದು ಕ್ಷಣ ನಿಂತು ಮತ್ತೆ ಹರವತೊಡಗಿತು. "ಆತ ಬಿಡ್ರಿ."

"ಅಡಿವೆವ್ವ, ಇನ್ನೊಂದು ಮಾತೈತಿ." ನಾನು ಕಟ್ಟೆಯ ಮೇಲೆ ಕುಳಿತೆ. "ಅಲ್ಲಿಯ ಸರ್ಕಾರದಾಗ ಎರಡು ಪಟ್ಟಿ ಅದಾವು. ಒಂದು ನಿವಾಸಿ, ಒಂದು ಪರದೇಶಿ. ಇಕೀನ್ನ ಪರದೇಶಿ ಪಟ್ಟಿಗೆ ಸೇರಸಬೇಕು ಅಂತ ನಾವು ಎಂಟು ದಿನದಿಂದ ಒದ್ದಾಡಾಕತ್ತೇವಿ…"

"ಏನಂದ್ರಿ?"

ಅವಳು ಎದ್ದು ನಿಂತಿದ್ದಳು. ನನ್ನ ಮಾತಿನ ತಪ್ಪು ನನಗೆ ಆಗ ತಿಳಿಯಿತು. ಅಂಕಣದ ತಲೆಯ ಮೇಲೆ ಬರೆಯುವಾಗ ಆ ಪದಕ್ಕೆ ಒಂದೇ ಅರ್ಥವಿತ್ತು. ಅಂಗಳದಲ್ಲಿ ಅದಕ್ಕೆ ಇನ್ನೊಂದು ಅರ್ಥ: ತಂದೆ ಇಲ್ಲದ, ತಾಯಿ ಇಲ್ಲದ, ಕೇಳುವವರು ಇಲ್ಲದ.

"ಪರದೇಶಿ ಅಂತ ಯಾರ ಬರಸಾಕತ್ತಾರ? ಇಕೀನೇನ?" ಅವಳು ಮಾದೇವಿಯ ಕಡೆ ತಿರುಗಿದಳು. "ಯಾಕ, ನಾ ಸತ್ತೇನಿ ಅಂತ ಬರದ ಕೊಟ್ಟಿಯೇನ ಅಲ್ಲೆ? ನಿಮ್ಮಪ್ಪ ಸತ್ತ ದಿನ ನಿನ್ನ ತಲಿ ತೊಳದಾಕಿ ನಾನು. ನಾ ಗಟ್ಟಿಯಾಗಿ ಇರೂ ತನಕ ನೀ ಹೆಂಗ ಪರದೇಶಿ ಆಕ್ಕಿ? ಮಾಸ್ತರ, ನೀವರೆ ತಿಳದವ್ರು, ನೀವೂ ಇದಕ್ಕ ಹೂಂ ಅಂದ್ರೇನು?"

"ಅತ್ತಿ, ಹಂಗಲ್ಲ, ಅದು ಬರೇ ಹೆಸರು…"

"ಹೆಸರ ಅಂದ್ರ ಸಣ್ಣದೇನು?"

"ಇಕಿ ಪರದೇಶಿ ಆಗಲಿಲ್ಲ," ಎಂದೆ ನಾನು, ಎತ್ತರದ ದನಿಯಲ್ಲಿ. "ಎರಡು ದಿನ ಕಡಿಮೆ ಬಿದ್ದುವು. ಆಗಲಿಲ್ಲ."

"ಚಲೋ ಆತು!" ಎಂದು ಅಡಿವೆವ್ವ ಕುಳಿತಳು.

ಅವಳ ಉಸಿರು ಇಳಿಯುವ ತನಕ ಕಾದೆ. ಆಮೇಲೆ, ಕಟ್ಟಿಕೊಂಡ ಮೂರು ನಮೂನೆಗಳನ್ನೂ ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದೆ. ಪರದೇಶಿಯಾಗದ್ದರಿಂದ ಮಾದೇವಿ ಜೂನ್ ಒಂಬತ್ತರಿಂದ ಈಚೆಗೆ ತನ್ನ ಹೆಸರಿನ ಹೊಲದಲ್ಲಿ ಬೆಳೆದದ್ದನ್ನು ಬರೆದು ಕೊಡಬೇಕು. ಹೊಲದ ಲೆಕ್ಕ ಅಡಿವೆವ್ವನ ಹತ್ತಿರ ಮಾತ್ರ ಇದೆ. ಅದನ್ನು ಕೇಳಬಾರದೆಂದು ಹುಡುಗಿ ದಿನ ಎಣಿಸಿದಳು. ಎಣಿಕೆಯಲ್ಲಿ ನಾನು ತಪ್ಪಿದೆ. "ಕೇಳಾಕತ್ತಾವ ನಾನು. ಇಕಿ ಅಲ್ಲ. ಸಿಟ್ಟು ನನ್ನ ಮ್ಯಾಲೆ ಇರಲಿ."

ಮಾದೇವಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು.

ಅಡಿವೆವ್ವ ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಮುರಿದಳು. ಇನ್ನೊಂದನ್ನು ಮುರಿದಳು.

"ಅವತ್ತ ನಮ್ಮ ಮಾವ ಕೇಳಿದಾಗ ನನಗ ಲೆಕ್ಕ ಗೊತ್ತಿರಲಿಲ್ರಿ," ಎಂದಳು. "ಮಂದಿ ಏನ ತಿಳಕೊಂಡಾರೋ. ಕೇಳಿದ್ದಕ್ಕ ಸಿಟ್ಟ ಮಾಡಿ ಬರಲಿಲ್ಲ ನಾನು. ಕೇಳೂದ ಅವನ ಹಕ್ಕು. ನನಗ ಹೇಳಾಕ ಬರಲಿಲ್ಲ. ಎಷ್ಟ ಚೀಲ ಅಂದ್ರು, ಗೊತ್ತಿಲ್ಲಂದೆ. ಯಾರಿಗೆ ಕೊಟ್ಟಿ ಅಂದ್ರು, ಗೊತ್ತಿಲ್ಲಂದೆ. ಗೊತ್ತಿಲ್ಲಂದ್ರ ಕದ್ದಾಳ ಅಂತ ಆತು. ಆ ನಾಚಿಕಿಗೆ ಬಂದೆ."

"ಅತ್ತಿ…"

"ತಡಿ. ಇಲ್ಲೆ ಬಂದ ಮ್ಯಾಲೆ ಒಂದ ಸೇರ ಕಾಳ ಲೆಕ್ಕ ಬಿಟ್ಟಿಲ್ಲ ನಾನು. ಯಾವತ್ತರೆ ಕೇಳತಾರ, ಅವತ್ತ ಹೇಳಬೇಕು ಅಂತ. ನಿಮ್ಮಪ್ಪ ಕೇಳಲಿಲ್ಲ. ಹೋಗ್ಲಿ, ತಮ್ಮ. ನೀ ದೊಡ್ಡಾಕಿ ಆದಿ, ಹೊಲಾ ನಿನ್ನ ಹೆಸರಿಗೆ ಬಂತು, ಈಗ ಕೇಳತಾಳ ಅಂದೆ. ಅಮೇರಿಕಾದಿಂದ ಕಾಗದಾ ಬರೀತಿದ್ದಿ, ಊರಾಗ ಓದಾವ್ರ ಕಡೆ ಓದಿಸಿದೆ. ನೆಗಡಿ ಆಗೇತೇನ, ಮೊಣಕಾಲ ಹೆಂಗೈತಿ, ಎಲ್ಲಾ ಇರತಿತ್ತು. ಹೊಲದ ಸುದ್ದಿ ಒಂದಕ್ಷರ ಇರತಿದ್ದಿಲ್ಲ. ಅಕೀಗೆ ಈ ಹೊಲ ಬ್ಯಾಡಾಗೇತಿ, ಇತ್ತಾಗ ತಿರುಗಿ ನೋಡೂದಿಲ್ಲ ಅಂತ ತಿಳಕೊಂಡೆ ನಾನು."

ಮಾದೇವಿ ಅವಳ ಪಕ್ಕದಲ್ಲಿ ಕುಸಿದು ಕುಳಿತಳು. ಏನೋ ಹೇಳಿದಳು, ಅಳುವಿನಲ್ಲಿ ನನಗೆ ತಿಳಿಯಲಿಲ್ಲ. ಅಡಿವೆವ್ವ ಖಾರದ ಕೈಯಲ್ಲಿ ಅವಳ ಮುಖ ಮುಟ್ಟಬಾರದೆಂದು ಮೊಣಕೈಯಿಂದ ತಲೆಯನ್ನು ತನ್ನ ಕಡೆ ಎಳೆದುಕೊಂಡಳು. ನಾನು ವಹಿ ತೆರೆದು ಗೆರೆ ಎಳೆಯತೊಡಗಿದೆ.

"ಬರಕೊಳ್ರಿ ಮಾಸ್ತರ," ಎಂದಳು ಅಡಿವೆವ್ವ. "ಎಂಬತ್ತೆರಡನೇ ಇಸವಿ, ಹಿಂಗಾರಿ…"

"ಈ ವರ್ಷದ ಮುಂಗಾರಿ ಬೆಳಿ ಅಷ್ಟ ಸಾಕು."

"ಅಷ್ಟ ಯಾಕ? ಐದೂ ವರ್ಷದ್ದು ಬರಕೊಳ್ರಿ. ಬೇಕಾದ್ದು ಅವ್ರು ತಗೋಳ್ಳಿ."

ಐದೂ ವರ್ಷದ್ದನ್ನು ಬರೆದುಕೊಂಡೆ. ಕಾಗದವಿಲ್ಲ, ಗುರುತಿಲ್ಲ. ಚೀಲ, ಸೇರು, ಯಾವ ಸಂತೆಯಲ್ಲಿ ಯಾವ ಧಾರಣಿ, ಯಾವ ಆಳಿಗೆ ಎಷ್ಟು ದಿನದ ಕೂಲಿ, ಎಲ್ಲ ಕೇಳಿದ ಕೂಡಲೇ ಬಂತು. ನಡುವೆ ಎರಡು ಸಲ, ಪರೀಕ್ಷೆಗೆಂದು, ಹಿಂದೆ ಹೇಳಿದ್ದನ್ನು ಬೇಕೆಂದೇ ತಪ್ಪಾಗಿ ಓದಿದೆ. ಎರಡು ಸಲವೂ ತಿದ್ದಿದಳು. ಎರಡನೆಯ ಸಲ, "ಕಣ್ಣ ಮಂಜಾದ್ರ ಕನ್ನಡಕ ತಗೋರಿ," ಎಂದಳು.

ಈ ವರ್ಷದ ಮುಂಗಾರಿಗೆ ಜೋಳ ಹದಿನಾಲ್ಕು ಚೀಲ. ಬಡಿಗೇರ, ಕಂಬಾರ, ಅಗಸರಿಗೆ ಆಯವೆಂದು ಕೊಟ್ಟದ್ದು ಒಂದು, ಮನೆಗೆ ಇಟ್ಟದ್ದು ಐದು, ಮಾರಿದ್ದು ಎಂಟು. ಹತ್ತಿ, ಮೊದಲ ಬಿಡಿಸು, ಎರಡು ಕ್ವಿಂಟಲ್.

"ಹಕ್ಕಿ ತಿಂದದ್ದು ಅರ್ಧ ಚೀಲ. ಅದನ್ನೂ ಬರಕೊಳ್ರಿ."

"ಹಕ್ಕಿ ತಿಂದದ್ದು ರಾಶಿಗೆ ಬಂದಿಲ್ಲ. ಬಾರದ್ದನ್ನ ಬರೆಯೂದಿಲ್ಲ."

"ಬಂದಿಲ್ಲಂತನ ಬರಕೊಳ್ರಿ. ಅವ್ರಿಗೆ ತಿಳೀಲಿ."

ಬರೆದುಕೊಂಡೆ. ಬೀಜ, ಗೊಬ್ಬರ, ಕೂಲಿ, ಎತ್ತಿನ ಬಾಡಿಗೆ ಕಳೆದ ಮೇಲೆ ಹನ್ನೊಂದು ನೂರ ನಲವತ್ತನಾಲ್ಕು ರೂಪಾಯಿ ಉಳಿಯಿತು. ಮಾದೇವಿ ಮೂಗು ಒರೆಸಿಕೊಂಡು, ಡಾಲರಿಗೆ ಹದಿಮೂರು ರೂಪಾಯಿಯಂತೆ, ಹದಿಮೂರರಿಂದ ಭಾಗಿಸಿದಳು. ಎಂಬತ್ತೆಂಟು ಡಾಲರು.

"ಎಂಬತ್ತೆಂಟ ಅಂದ್ರ ಅಲ್ಲೆ ಏನ ಬರತೈತಿ?" ಎಂದು ಅಡಿವೆವ್ವ ಕೇಳಿದಳು.

"ಒಂದು ಚಲೋ ಕೋಟು, ಅತ್ತಿ. ಥಂಡಿಗೆ."

"ಒಂದ ಅಂಗಿ ಸಲುವಾಗಿ ನೀವಿಬ್ಬರೂ ಮುಂಬಯಿತನಕ ಫೋನ್ ಮಾಡೀರಿ," ಎಂದು ಅವಳು ನನ್ನನ್ನೇ ನೋಡಿ ಹೇಳಿದಳು. "ಓದಿದವ್ರ."

ನಾನು ಮೊತ್ತವನ್ನು ಮತ್ತೊಮ್ಮೆ ಕೂಡಿಸಿದೆ. ಸರಿಯಿತ್ತು. ಹಾಳೆಯ ಕೆಳಗೆ, ಶಾಲೆಯಲ್ಲಿ ಮಾಡುತ್ತಿದ್ದಂತೆ, ಕೆಂಪು ಪೆನ್ಸಿಲಿನಿಂದ ಸರಿ ಗುರುತು ಹಾಕಿ ಹೆಸರು ಬರೆದೆ: ಅಡಿವೆವ್ವ, ಅಬಲೂರು. ಅವಳು ಹಾಳೆಯನ್ನು ತಿರುಗಿಸಿ ಹಿಡಿದು ನೋಡಿದಳು. ಓದಲು ಬಾರದಿದ್ದರೂ ಆ ಗುರುತು ಅವಳಿಗೆ ಗೊತ್ತಿತ್ತು; ಮಾದೇವಿಯ ನೋಟುಬುಕ್ಕುಗಳಲ್ಲಿ ನೋಡಿದ್ದಳು.

"ಬರೂ ವರ್ಷಾನೂ ಕೇಳತಾರೇನ್ರಿ?"

"ಬರೂ ವರ್ಷ ಇಕಿ ಹೆಚ್ಚೂಕಡಿಮಿ ಪೂರ್ತಿ ಅಲ್ಲೇ ಇರತಾಳ. ಎಣಿಸೂದೇ ಬೇಕಾಗಿಲ್ಲ. ಕೇಳೇ ಕೇಳತಾರ."

"ಕೇಳಲಿ." ಅವಳು ಮೆಣಸಿನಕಾಯಿಯ ಕಡೆ ತಿರುಗಿ, ಮತ್ತೆ ಮಾದೇವಿಯ ಕಡೆ ತಿರುಗಿದಳು. "ಖರೆ ಬರೂ ಸರತಿ ನೀನ ಬಂದ ಕೇಳಬೇಕು ನೋಡು. ಮಾಸ್ತರನ್ನ ಕಳಸಬ್ಯಾಡ."